ಕೆರೆಯ ನೊರೆ, ಮನೆಯ ಸೋಪು



ಈ ಹೊತ್ತು ನಾನು ಗೊಬ್ಬರದ ವಿಚಾರವನ್ನಾಗಲಿ ಬಿತ್ತನೆಯ ವಿಚಾರವನ್ನಾಗಲಿ ಹೇಳಲು ಬಂದವನಲ್ಲ. ಬಟ್ಟೆ ಒಗೆಯುವ ಸೋಪಿನ ವಿಚಾರ ಹೇಳಬೇಕೆಂದಿದ್ದೇನೆ. ಬೇಸಾಯದ ಅಧಿಕಾರಿಗೆ ಸೋಪಿನ ಉಸಾಬರಿ ಯಾಕಪ್ಪ ಎಂದು ನೀವು ಕೇಳಬಹುದು. ಆ ಉಸಾಬರಿ ನನಗೆ ಹೇಗೆ ಗಂಟುಬಿತ್ತು ಎಂಬುದನ್ನೇ ಮೊದಲು ಹೇಳಿಬಿಡುತ್ತೇನೆ.

ವೈಟ್‌ಫೀಲ್ಡಿನಿಂದ ದಕ್ಷಿಣಕ್ಕೆ ಇಳಿದರೆ ವರ್ತೂರು ಸಿಕ್ಕುತ್ತದೆ. ಬೆಂಗಳೂರಿನ ಚರಂಡಿ ನೀರಿನ ದೊಡ್ಡ ಪಾಲು ಮೊದಲು ಬೆಳ್ಳಂದೂರು ಕೆರೆಗೆ ಬಂದು, ಅಲ್ಲಿಂದ ವರ್ತೂರು ಕೆರೆಗೆ ಇಳಿದು, ವರ್ತೂರು ಕೋಡಿ ಬಿದ್ದು ದಕ್ಷಿಣ ಪಿನಾಕಿನಿಯನ್ನು ಸೇರಿ ಹೊಸೂರಿನ ಕಡೆ ಹರಿದುಹೋಗುತ್ತದೆ. ಕೆರೆಯ ಕೆಳಗಿನ ಹಳ್ಳಿಗಳಲ್ಲಿ ಸೊಪ್ಪು ಬೆಳೆಯುವ ಒಕ್ಕಲುಗಳು ಬಹಳ. ನಾನು ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಒಂದು ಸಾಯಂಕಾಲ ಅರಳಿಕಟ್ಟೆಯ ಮೇಲೆ ಕುಳಿತವರಿಗೆ, "ಈ ನೀರಿನಲ್ಲಿ ಸಾರಜನಕ ಉಂಟು, ರಂಜಕ ಉಂಟು, ಹಾಯಿಸಿದರೆ ನಿಮ್ಮ ಗೊಬ್ಬರದ ಖರ್ಚು ಉಳಿಯುತ್ತದೆ" ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಓದಿದ್ದು ಹಾಗೆಯೇ ಇತ್ತು. ಸುಳ್ಳೇನೂ ಅಲ್ಲ. ಆದರೆ ಅರ್ಧ ನಿಜ.

೨೦೧೫ರ ಬೇಸಿಗೆಯಲ್ಲಿ ಕೋಡಿಯ ಹತ್ತಿರ ನೊರೆ ಎದ್ದಿತು. ಹಾಲು ಉಕ್ಕಿದ ಹಾಗೆ ಎದ್ದು, ಗಾಳಿಗೆ ಮುದ್ದೆ ಮುದ್ದೆಯಾಗಿ ಹಾರಿ ರಸ್ತೆಯ ಮೇಲೆ ಬಿದ್ದಿತು. ಸ್ಕೂಟರಿನವರು ಮುಖ ಮುಚ್ಚಿಕೊಂಡು ದಾಟಬೇಕಾಯಿತು. ಅದೇ ಮೇ ತಿಂಗಳಲ್ಲಿ ಮೇಲಿನ ಬೆಳ್ಳಂದೂರು ಕೆರೆಗೆ ಬೆಂಕಿಯೇ ಹತ್ತಿತು. ಮತ್ತೆ ೨೦೧೭ರ ಫೆಬ್ರವರಿಯಲ್ಲಿ, ೨೦೧೮ರ ಜನವರಿಯಲ್ಲಿಯೂ ಹತ್ತಿತು. ನೀರಿಗೆ ಬೆಂಕಿ ಬೀಳುವುದನ್ನು ನಮ್ಮ ಹಿರಿಯರು ಕಥೆಯಲ್ಲಿ ಕೂಡ ಕೇಳಿರಲಾರರು.

ಆ ಬೇಸಿಗೆಯಲ್ಲಿ ಅರ್ಧ ಎಕರೆ ಸೊಪ್ಪು ಬೆಳೆಯುತ್ತಿದ್ದ ಒಬ್ಬ ತಾಯಿ ಆಳನ್ನು ಕಳುಹಿಸಿ ನನ್ನನ್ನು ಕರೆಸಿಕೊಂಡರು. ಬದುವಿನ ಮೇಲೆ ನಿಂತು, "ಬನ್ನಿ ಸ್ವಾಮಿ, ನೀವು ಹೇಳಿದ್ ಗೊಬ್ಬರ ಬಂದೈತೆ, ನೋಡ್ಕಂಡ್ ಹೋಗಿ" ಎಂದರು. ಕೊತ್ತಂಬರಿ ಮಡಿಗಳ ಮೇಲೆ ನೊರೆ ಕೂತಿತ್ತು. ಒಣಗಿದ ಕಡೆ ಎಲೆಯ ಮೇಲೆ ಕಪ್ಪು ಕಲೆ. ಬೆಳಗಿನ ಜಾವ ಬಂದ ವ್ಯಾಪಾರದವನು ಟೆಂಪೊ ನಿಲ್ಲಿಸಿ ನೋಡಿ, ಮಾತಾಡದೆ ತಿರುಗಿಸಿಕೊಂಡು ಹೋಗಿದ್ದನಂತೆ. ನಾನು ಏನೋ ಸಮಾಧಾನ ಹೇಳಲು ಹೋದೆ. ಆಕೆ ತಡೆದು, "ಅದಿರ್ಲಿ ಸ್ವಾಮಿ, ಇದ್ರಾಗೆ ನಮ್ಮನೆ ಬಚ್ಚಲ ಸೋಪು ಎಷ್ಟೈತೆ, ಪ್ಯಾಟೆಯೋರ್ದು ಎಷ್ಟೈತೆ? ನಮ್ಮಜ್ಜಿ ಕಾಲ್ದಾಗೂ ಬಟ್ಟೆ ಒಗೀತಿದ್ರಲ್ಲ, ಆವಾಗ ಯಾಕೆ ಕೆರೆ ಉಕ್ಕಲಿಲ್ಲ?" ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅಜ್ಜಿಯ ಕಾಲದಲ್ಲಿ ಏನಿತ್ತು? ತಲೆಗೆ ಸೀಗೆಕಾಯಿ, ರೇಷ್ಮೆಗೂ ಒಡವೆಗೂ ಅಂಟುವಾಳದ ಕಾಯಿ, ಪಾತ್ರೆಗೆ ಬೂದಿ, ಮಡಿವಾಳರ ಉಬ್ಬೆಗೆ ಚೌಳುಮಣ್ಣು. ಅನಂತರ ಸಾಬೂನು ಬಂತು. ಎಣ್ಣೆಯನ್ನೋ ಕೊಬ್ಬನ್ನೋ ಕಾಸ್ಟಿಕ್ ಸೋಡದ ಜೊತೆ ಕಾಯಿಸಿದರೆ ಸಾಬೂನು. ಈ ವಿದ್ಯೆಯನ್ನು ಕಲಿತು ಬರಲೆಂದು ಮೈಸೂರು ಸಂಸ್ಥಾನದವರು ಸೋಸಲೆ ಗರಳಪುರಿ ಶಾಸ್ತ್ರಿ ಎಂಬ ರಸಾಯನ ವಿಜ್ಞಾನಿಯನ್ನು ಇಂಗ್ಲೆಂಡಿಗೆ ಕಳುಹಿಸಿದರು. ಅವರು ಹಿಂತಿರುಗಿ ಬಂದ ಮೇಲೆ ೧೯೧೮ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಆರಂಭವಾಯಿತು. ಜನ ಅವರನ್ನು ಸೋಪು ಶಾಸ್ತ್ರಿಗಳು ಎಂದೇ ಕರೆದರು. ಮೈಸೂರು ಸ್ಯಾಂಡಲ್ ಸೋಪು ಅವರ ಕೈಯಿಂದ ಬಂದದ್ದು. ೧೯೫೭ರಲ್ಲಿ ಕಾರ್ಖಾನೆ ಯಶವಂತಪುರದ ಕಡೆಗೆ ಹೋಯಿತು. ಈಗ ಪೀಣ್ಯದ ಕಡೆ ಮೆಟ್ರೋ ರೈಲಿನಲ್ಲಿ ಹೋಗುವವರಿಗೆ ಆ ಹೆಸರಿನದೇ ಒಂದು ನಿಲ್ದಾಣ ಸಿಕ್ಕುತ್ತದೆ.

ಸಾಬೂನಾಗಲಿ ಈಗಿನ ಸೋಪಿನ ಪುಡಿಯಾಗಲಿ ಕೆಲಸ ಮಾಡುವ ರೀತಿ ಒಂದೇ. ಅದರ ಒಂದೊಂದು ಅಣುವಿಗೂ ಒಂದು ತಲೆ, ಒಂದು ಬಾಲ ಉಂಟೆಂದು ತಿಳಿಯಿರಿ. ತಲೆಗೆ ನೀರು ಬೇಕು, ಬಾಲಕ್ಕೆ ಜಿಡ್ಡು ಬೇಕು. ಬಾಲ ಬಟ್ಟೆಯ ಜಿಡ್ಡನ್ನು ಕಚ್ಚಿ ಹಿಡಿಯುತ್ತದೆ, ತಲೆ ನೀರಿನ ಕಡೆ ಎಳೆಯುತ್ತದೆ, ಕೊಳೆ ಬಿಟ್ಟು ಬರುತ್ತದೆ. ನೊರೆ ಎಂಬುದು ಇದರ ಜೊತೆಗೆ ಬರುವ ಆಟವೇ ಹೊರತು ಕೊಳೆ ತೆಗೆಯುವುದು ನೊರೆಯಲ್ಲ. ಈ ಮಾತನ್ನು ತಾಯಂದಿರು ದಯವಿಟ್ಟು ನೆನಪಿಡಬೇಕು. ನೊರೆ ಸಾಲದೆಂದು ಇನ್ನೊಂದು ಹಿಡಿ ಪುಡಿ ಸುರಿಯುವುದು ದುಡ್ಡನ್ನು ಬಚ್ಚಲಿಗೆ ಸುರಿದಂತೆಯೇ.

ಹಾಗಾದರೆ ಸಾಬೂನನ್ನು ಬಿಟ್ಟು ಪುಡಿಗೆ ಹೋದದ್ದೇಕೆ? ಅದಕ್ಕೂ ಕಾರಣವುಂಟು, ರಸಾಯನದವರನ್ನು ಸುಮ್ಮನೆ ಬಯ್ಯುವುದು ನ್ಯಾಯವಲ್ಲ. ನಮ್ಮ ಕೊಳವೆಬಾವಿಯ ನೀರು ಗಡುಸು. ಅದರಲ್ಲಿನ ಸುಣ್ಣದಂಶಕ್ಕೆ ಸಾಬೂನು ಸಿಕ್ಕಿ ಒಡೆದ ಹಾಲಿನಂತೆ ಗಟ್ಟಿಕಟ್ಟುತ್ತದೆ, ಬಟ್ಟೆ ಮಬ್ಬಾಗುತ್ತದೆ. ಗಡುಸು ನೀರಿಗೂ ಬಗ್ಗುವ ವಸ್ತು ಬೇಕೆಂದು ಹುಡುಕಿದಾಗ ಕಲ್ಲೆಣ್ಣೆಯಿಂದ ಮಾಡಿದ ಡಿಟರ್ಜೆಂಟು ಬಂತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪಶ್ಚಿಮದ ದೇಶಗಳಲ್ಲಿ ಮನೆಮನೆಗೂ ಅದೇ ಆಯಿತು. ಅಗ್ಗ, ಚುರುಕು.

ಆಮೇಲೆ ಅಲ್ಲಿಯ ನದಿಗಳು ಉಕ್ಕಿದವು. ೧೯೫೦ರ ದಶಕದಲ್ಲಿ ಜರ್ಮನಿ, ಇಂಗ್ಲೆಂಡ್, ಅಮೆರಿಕದ ಹೊಳೆಗಳ ಮೇಲೆ ನಾವು ವರ್ತೂರಿನಲ್ಲಿ ಕಂಡಂಥದೇ ನೊರೆ. ವಿಜ್ಞಾನಿಗಳು ಕಾರಣ ಹುಡುಕಿದರು. ನೀರಿನಲ್ಲಿ ಕಣ್ಣಿಗೆ ಕಾಣದ ಜೀವಾಣುಗಳು ಇರುತ್ತವೆ. ತಿಪ್ಪೆಯನ್ನು ಗೊಬ್ಬರ ಮಾಡುವ ಜೀವಾಣುಗಳ ನೆಂಟರೇ ಅವು. ಸಾಬೂನಿನ ಬಾಲ ನೆಟ್ಟಗೆ ಇರುತ್ತದೆ. ಕಬ್ಬಿನ ಜಲ್ಲೆಯನ್ನು ತುದಿಯಿಂದ ಜಗಿಯುತ್ತ ಬರುವ ಹಾಗೆ ಜೀವಾಣು ಅದನ್ನು ತಿಂದು ಮುಗಿಸುತ್ತದೆ. ಆದರೆ ಆ ಕಾಲದ ಡಿಟರ್ಜೆಂಟಿನ ಬಾಲ ಕವಲು ಕವಲಾಗಿತ್ತು, ಕಾರೆಮುಳ್ಳಿನ ಕಂಟಿಯ ಹಾಗೆ. ಜೀವಾಣುವಿಗೆ ಬಾಯಿ ಹಾಕಲು ಜಾಗವಿಲ್ಲ. ತಿನ್ನುವವರಿಲ್ಲದ ವಸ್ತು ಹೊಳೆಯಲ್ಲೇ ಉಳಿಯಿತು. ಪಶ್ಚಿಮ ಜರ್ಮನಿ ೧೯೬೧ರಲ್ಲಿ ಇದಕ್ಕೊಂದು ಕಾನೂನು ಮಾಡಿತು. ಅಮೆರಿಕದ ಕಾರ್ಖಾನೆಗಳು ೧೯೬೫ರ ಹೊತ್ತಿಗೆ ತಾವಾಗಿಯೇ ಕವಲು ಬಾಲವನ್ನು ಬಿಟ್ಟು ನೆಟ್ಟನೆ ಬಾಲಕ್ಕೆ ಬಂದವು. ಸೀಮೆಎಣ್ಣೆಯಲ್ಲಿರುವ ನೆಟ್ಟನೆಯ ಎಳೆಗಳನ್ನು ಆಯ್ದು ಈ ಹೊಸ ಡಿಟರ್ಜೆಂಟು ಮಾಡುತ್ತಾರೆ. ಇಂದು ನಮ್ಮ ಅಂಗಡಿಯ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದೂ ಇದೇ.

ಅಂದರೆ ತಪ್ಪನ್ನು ಅರವತ್ತು ವರ್ಷದ ಹಿಂದೆಯೇ ತಿದ್ದಿಕೊಂಡಾಯಿತು. ಹಾಗಿದ್ದಮೇಲೆ ನಮ್ಮ ಕೆರೆ ಉಕ್ಕಿದ್ದೇಕೆ? ನನಗೆ ಬಹಳ ದಿನ ಕಾಡಿದ ಪ್ರಶ್ನೆ ಇದು.

ಉತ್ತರ ಟಾಟಾ ಇನ್‌ಸ್ಟಿಟ್ಯೂಟಿನಿಂದ ಬಂತು. ಅಲ್ಲಿ ೧೯೭೪ರಲ್ಲಿ ಅಮೂಲ್ಯ ರೆಡ್ಡಿ ಎಂಬ ರಸಾಯನ ವಿಜ್ಞಾನಿ ‘ಅಸ್ತ್ರ’ ಎಂಬ ಕೇಂದ್ರವನ್ನು ಕಟ್ಟಿದರು. ವಿದ್ಯುತ್ತು ಮತ್ತು ರಸಾಯನ ಕೂಡಿದ ಶಾಸ್ತ್ರದಲ್ಲಿ ದೊಡ್ಡ ಹೆಸರು ಮಾಡಿದ್ದವರು. ಅದನ್ನು ಬದಿಗಿಟ್ಟು ಹಳ್ಳಿಯ ಒಲೆ, ಸಗಣಿ ಗ್ಯಾಸು, ಮಣ್ಣಿನ ಇಟ್ಟಿಗೆಯ ಕಡೆ ತಿರುಗಿದರು. ನಿಮ್ಮಲ್ಲಿ ಕೆಲವರ ಮನೆಯಲ್ಲಿ ಇದ್ದ ಅಸ್ತ್ರ ಒಲೆ ಅಲ್ಲಿಯದೇ. ಆ ಕೇಂದ್ರ ಈಗ ಬೇರೆ ಹೆಸರಿನಲ್ಲಿ ನಡೆಯುತ್ತಿದೆ. ಅಲ್ಲಿಯ ಚಾಣಕ್ಯ ಅವರೂ ಅವರ ಜೊತೆಗಾರರೂ ಬೆಳ್ಳಂದೂರು ಕೆರೆಯ ನೊರೆಯನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ಅವರು ಹೇಳುವುದು ಹೀಗೆ: ನೆಟ್ಟನೆ ಬಾಲವಿದ್ದರೂ ಅದನ್ನು ತಿನ್ನುವ ಜೀವಾಣುಗಳಿಗೆ ಉಸಿರಾಡಲು ಆಮ್ಲಜನಕ ಬೇಕು. ಚರಂಡಿ ನೀರು ತುಂಬಿ ಕೊಳೆತ ಕೆರೆಯಲ್ಲಿ ಆಮ್ಲಜನಕವೇ ಇಲ್ಲ. ಉಳಿದ ಕೊಳೆ ಅಷ್ಟಿಷ್ಟು ಕರಗಿದರೂ ಸೋಪಿನ ಅಂಶ ಕರಗದೆ ಕೆಸರಿಗೆ ಅಂಟಿ ತಳದಲ್ಲಿ ಕೂರುತ್ತದೆ. ವರ್ಷ ವರ್ಷ ಕೂತು ಎಷ್ಟೋ ಪಟ್ಟು ಹೆಚ್ಚಾಗುತ್ತದೆ. ಜೋರು ಮಳೆ ಬಂದಾಗ ಕೆಸರು ಕದಡಿ, ಕೋಡಿಯಲ್ಲಿ ನೀರು ಧುಮುಕಿ ಗಾಳಿ ಬೆರೆತ ಕೂಡಲೆ ಉಕ್ಕುತ್ತದೆ. ಒಂದು ಚೊಂಬು ಸೋಪಿನ ನೀರನ್ನು ಎತ್ತರದಿಂದ ಬಕೆಟ್ಟಿಗೆ ಸುರಿದು ನೋಡಿ, ತಿಳಿಯುತ್ತದೆ.

ಇದು ಸಾಲದೆಂದು ಇನ್ನೊಂದು. ಗಡುಸು ನೀರನ್ನು ಮೆದು ಮಾಡಲು ಸೋಪಿನ ಪುಡಿಗೆ ರಂಜಕದ ಉಪ್ಪು ಬೆರೆಸುವ ರೂಢಿ ಉಂಟು. ನೀವು ಡಿ.ಎ.ಪಿ. ಚೀಲಕ್ಕೆ ದುಡ್ಡು ಕೊಟ್ಟು ಗಾಡಿಯಲ್ಲಿ ತರುವುದು ಯಾವುದನ್ನೋ, ಅದೇ ರಂಜಕ. ನಮ್ಮ ದೇಶ ಅದರ ಬಹುಪಾಲನ್ನು ಹೊರಗಿನಿಂದ ತರಿಸುತ್ತದೆ. ಅದನ್ನು ಬಟ್ಟೆ ನೀರಿನಲ್ಲಿ ಕೆರೆಗೆ ಬಿಟ್ಟರೆ ಕೆರೆಯಲ್ಲಿ ಬೆಳೆಯುವುದು ರಾಗಿಯಲ್ಲ, ಪಾಚಿ ಮತ್ತು ನೀರುಕಳೆ. ಅದು ಸತ್ತು ಕೊಳೆಯುವಾಗ ಇದ್ದ ಆಮ್ಲಜನಕವನ್ನೂ ಕುಡಿದುಬಿಡುತ್ತದೆ. ಅಮೆರಿಕ, ಕೆನಡಾ ದೇಶಗಳ ನಡುವಿನ ಈರಿ ಎಂಬ ದೊಡ್ಡ ಸರೋವರ ಹೀಗೆಯೇ ಹಾಳಾಗುತ್ತಿದ್ದಾಗ, ೧೯೭೦ರಿಂದ ಈಚೆಗೆ ಅಲ್ಲಿ ಸೋಪಿನ ರಂಜಕಕ್ಕೆ ಮಿತಿ ಹಾಕಿದರು. ಬದಲಿಗೆ ಜಿಯೋಲೈಟ್ ಎಂಬ ಮಣ್ಣಿನಂಥ ಪುಡಿ ಸುಣ್ಣದಂಶವನ್ನು ಹಿಡಿದುಕೊಳ್ಳುತ್ತದೆ. ರಂಜಕವಿಲ್ಲದ ಪುಡಿಗಳು ನಮ್ಮಲ್ಲಿಯೂ ಸಿಕ್ಕುತ್ತವೆ. ಕೊಳ್ಳುವಾಗ ಓದು ಬರುವ ಮಕ್ಕಳ ಕೈಯಲ್ಲಿ ಪೊಟ್ಟಣದ ಮೇಲಿನ ಬರಹವನ್ನು ಓದಿಸಿ.

ಈಗ ರಸಾಯನ ಶಾಸ್ತ್ರದಲ್ಲಿ ಒಂದು ಹೊಸ ದಾರಿ ತೆರೆದಿದೆ. ಅದಕ್ಕೆ ಹಸಿರು ರಸಾಯನ ಎನ್ನುತ್ತಾರೆ. ೧೯೯೮ರಲ್ಲಿ ಅಮೆರಿಕದ ಅನಸ್ಟಾಸ್, ವಾರ್ನರ್ ಎಂಬ ಇಬ್ಬರು ಇದಕ್ಕೆ ಹನ್ನೆರಡು ಸೂತ್ರ ಬರೆದರು. ಎಲ್ಲವನ್ನೂ ಹೇಳುವುದಿಲ್ಲ, ನನಗೇ ಬಾಯಿಪಾಠ ಬಂದಿಲ್ಲ. ನಮಗೆ ಬೇಕಾದದ್ದು ಒಂದು: ಯಾವ ವಸ್ತುವನ್ನು ಮಾಡಿದರೂ, ಅದರ ಕೆಲಸ ಮುಗಿದ ಮೇಲೆ ಅದು ಒಡೆದು ನಿರಪಾಯವಾಗಿ ಮಣ್ಣುಪಾಲಾಗುವಂತೆ ಮೊದಲೇ ಯೋಚಿಸಿ ಮಾಡಬೇಕು. ಮಾಡಿ, ಮಾರಿ, ಕೆರೆ ಹೊತ್ತಿ ಉರಿದ ಮೇಲೆ ಯೋಚಿಸುವುದಲ್ಲ. ಈ ದಾರಿಯಲ್ಲಿ ಬಂದ ಒಂದು ಸೋಪಿನ ವಸ್ತು ನನಗೆ ಬಹಳ ಹಿಡಿಸಿತು. ಮುಸುಕಿನ ಜೋಳದ ಹಿಟ್ಟಿನಿಂದ ಸಕ್ಕರೆ ತೆಗೆದು ಅದನ್ನು ತಲೆ ಮಾಡುತ್ತಾರೆ, ತೆಂಗಿನೆಣ್ಣೆಯಿಂದ ಬಾಲ ಮಾಡುತ್ತಾರೆ. ಎರಡನ್ನೂ ಜೀವಾಣು ತಿನ್ನುತ್ತದೆ, ಆಮ್ಲಜನಕ ಇಲ್ಲದ ಕೆಸರಿನಲ್ಲಿಯೂ ತಿನ್ನುತ್ತದೆ. ಪಾತ್ರೆ ತೊಳೆಯುವ ಕೆಲವು ದ್ರವಗಳಲ್ಲಿ ಇದು ಆಗಲೇ ಬಂದಿದೆ. ಬೆಲೆ ಮಾತ್ರ ಇನ್ನೂ ಹೆಚ್ಚು. ತೆಂಗಿನ ಬದಲು ತಾಳೆ ಎಣ್ಣೆ ಹಾಕುವುದೂ ಉಂಟು. ಆ ತಾಳೆಯನ್ನು ಕಾಡು ಕಡಿದು ಬೆಳೆದಿದ್ದರೆ ಹಸಿರು ಎಂಬ ಹೆಸರಿಗೆ ಅರ್ಥವಿಲ್ಲ ಎಂಬುದು ನನ್ನ ಅಭಿಪ್ರಾಯ.

ಸಕ್ಕರೆಯ ತಲೆ ಎಂದೆನಲ್ಲ, ಅದನ್ನು ನಮ್ಮ ಮರ ಎಂದೋ ಮಾಡಿ ಇಟ್ಟಿದೆ. ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ವಸ್ತು ಇದೆ. ಅದರ ರಚನೆಯೂ ಹೀಗೆಯೇ, ಒಂದು ಕಡೆ ಸಕ್ಕರೆ, ಇನ್ನೊಂದು ಕಡೆ ಜಿಡ್ಡನ್ನು ಹಿಡಿಯುವ ಭಾಗ. ಹತ್ತು ಹನ್ನೆರಡು ಕಾಯಿಯ ಬೀಜ ತೆಗೆದು ಸಿಪ್ಪೆಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕುದಿಸಿ, ಕಿವುಚಿ ಸೋಸಿಕೊಳ್ಳಿ. ಬಣ್ಣದ ಬಟ್ಟೆ, ರೇಷ್ಮೆ, ಉಣ್ಣೆಗೆ ಚೆನ್ನಾಗಿ ಒಗ್ಗುತ್ತದೆ. ಗದ್ದೆ ಕೆಸರಿನ ಪಂಚೆಗೆ ಸಾಲದು, ಸುಳ್ಳು ಹೇಳುವುದಿಲ್ಲ. ಮೂರು ನಾಲ್ಕು ದಿನ ಇಟ್ಟರೆ ಹುಳಿ ನಾತ ಬಂದು ಕೆಟ್ಟುಹೋಗುತ್ತದೆ. ಈ ದೂರನ್ನು ನಾನೂ ಕೇಳಿದ್ದೇನೆ. ಆದರೆ ಮಡಕೆಯಲ್ಲಿ ನಾಲ್ಕು ದಿನಕ್ಕೆ ಕೆಡುವುದು ಕೆರೆಯಲ್ಲಿ ನಲವತ್ತು ವರ್ಷ ಕೂರುವುದಿಲ್ಲ. ಒಂದು ಎಚ್ಚರ: ಅಂಟುವಾಳದ ರಸ ಮೀನಿಗೆ ವಿಷ. ಮೀನು ಬಿಟ್ಟ ಹೊಂಡಕ್ಕೆ, ತೊರೆಗೆ ನೇರವಾಗಿ ಸುರಿಯಬಾರದು. ಮಣ್ಣಿನಲ್ಲಿ ಇಂಗಲು ಬಿಡಬೇಕು.

ಮನೆಯ ಮಟ್ಟಿಗೆ ಇನ್ನೇನು ಮಾಡಬಹುದು? ಪುಡಿಯ ಅಳತೆ ತಗ್ಗಿಸಿ ನೋಡಿ. ಹತ್ತಿರದಲ್ಲಿ ಮಳೆನೀರು ಹಿಡಿಯುವ ತೊಟ್ಟಿ ಇದ್ದರೆ ಆ ಮೆದು ನೀರಿಗೆ ಅರ್ಧ ಸೋಪು ಸಾಕು. ಬಚ್ಚಲ ನೀರನ್ನು ಬಾಳೆ, ತೆಂಗಿನ ಬುಡಕ್ಕೆ ಬಿಡಿ, ಸೊಪ್ಪಿನ ಮಡಿಗೆ ಬೇಡ. ಒಂದೇ ಜಾಗಕ್ಕೆ ವರ್ಷಗಟ್ಟಲೆ ಬಿಡಲೂ ಬೇಡ, ಸೋಪಿನಲ್ಲಿರುವ ಸೋಡಿಯಂ ಜೇಡಿಮಣ್ಣನ್ನು ಗಟ್ಟಿ ಮಾಡಿ ನೀರು ಇಂಗದಂತೆ ಮಾಡುತ್ತದೆ. ಹೇನಿಗೆ ಬೇವಿನೆಣ್ಣೆ ಹೊಡೆಯುವವರು ಅದನ್ನು ನೀರಿನಲ್ಲಿ ಬೆರೆಸಲು ಬಟ್ಟೆ ಪುಡಿ ಹಾಕುವುದನ್ನು ನೋಡಿದ್ದೇನೆ. ಎಲೆ ಸುಡುತ್ತದೆ. ಲೀಟರು ನೀರಿಗೆ ೫ ಮಿಲಿ ಲೀಟರು ಬೇವಿನೆಣ್ಣೆ, ಒಂದೆರಡು ಗ್ರಾಂ ಎಣ್ಣೆಯಿಂದ ಮಾಡಿದ ಸಾದಾ ಸಾಬೂನು, ಅಷ್ಟೇ.

ಕೆರೆಯ ನೀರಿನ ಬಗ್ಗೆ ನಾನು ಅಂದು ಹೇಳದೆ ಬಿಟ್ಟ ಇನ್ನರ್ಧ ನಿಜವನ್ನೂ ಹೇಳಿಬಿಡಬೇಕು. ನೊರೆ ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೂ ಕೆಟ್ಟದ್ದು. ಲೋಹಕ್ಕೆ ಹೊಳಪು ಕೊಡುವಂಥ ಕಾರ್ಖಾನೆಗಳ ನೀರು ಚರಂಡಿಗೆ ಬಿದ್ದರೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಮೊದಲಾದ ಭಾರಲೋಹಗಳು ಬರುತ್ತವೆ. ಇವನ್ನು ಯಾವ ಜೀವಾಣುವೂ ತಿಂದು ಮುಗಿಸಲಾರದು. ಬೆಂಗಳೂರು ವಿಶ್ವವಿದ್ಯಾಲಯದ ರಸಾಯನ ಶಾಸ್ತ್ರದ ಸಂಶೋಧಕರು ಬೆಳ್ಳಂದೂರು ಕೆರೆಯ ನೀರು ಹಾಯಿಸಿದ ಮಣ್ಣಿನಲ್ಲಿಯೂ ಬೆಳೆಯಲ್ಲಿಯೂ ಭಾರಲೋಹಗಳನ್ನು ಅಳೆದು ೨೦೦೬ರಲ್ಲಿಯೇ ಪ್ರಕಟಿಸಿದ್ದರು. ನಾನು ಅರಳಿಕಟ್ಟೆಯ ಮೇಲೆ ಭಾಷಣ ಮಾಡುವುದಕ್ಕೆ ಮೊದಲೇ ಅದು ಅಚ್ಚಾಗಿತ್ತು. ಓದಿರಲಿಲ್ಲ. ಆದುದರಿಂದ ಚರಂಡಿ ಸೇರುವ ಕೆರೆಯ ಕೆಳಗೆ ಬೇಸಾಯ ಮಾಡುವವರು ಸೊಪ್ಪು, ಮೂಲಂಗಿ, ಗಜ್ಜರಿಗಳನ್ನು ಬಿಟ್ಟು ಹೂವಿನ ಕಡೆ ತಿರುಗುವುದು ಲೇಸು. ನೀರನ್ನು, ಮಣ್ಣನ್ನು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯಕ್ಕೆ ಒಯ್ದು ಪರೀಕ್ಷೆಯ ವಿಚಾರ ಕೇಳಿ.

ಕೋಲಾರದ ಕಡೆಯ ಬಂಧುಗಳಿಗೂ ಒಂದು ಮಾತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ೨೦೧೮ರ ಜೂನಿನಲ್ಲಿ ನಿಮ್ಮ ಲಕ್ಷ್ಮೀಸಾಗರ ಕೆರೆಗೆ ಬಂತು, ಜುಲೈನಲ್ಲಿ ಅಲ್ಲಿಯೂ ನೊರೆ ಕಾಣಿಸಿತು, ವಿಷಯ ನ್ಯಾಯಾಲಯಕ್ಕೆ ಹೋಯಿತು. ಬತ್ತಿದ ಕೆರೆಗೆ ನೀರು ಬೇಡವೆನ್ನಲು ನನಗೆ ನಾಲಿಗೆ ಏಳುವುದಿಲ್ಲ. ಆದರೆ ಬೆಂಗಳೂರಿನ ಬಚ್ಚಲಿನಲ್ಲಿ ಯಾವ ಸೋಪು ಕರಗುತ್ತದೆ ಎಂಬುದು ಇನ್ನು ಮೇಲೆ ಕೋಲಾರದ ಟೊಮ್ಯಾಟೊ ಬೆಳೆಗಾರರ ವಿಚಾರವೂ ಹೌದು. ಪಂಚಾಯಿತಿಯಲ್ಲಿ ಕೇಳಿ, ನೀರಿನ ಪರೀಕ್ಷೆಯ ಲೆಕ್ಕವನ್ನು ಬಾಯಿಮಾತಿನಲ್ಲಲ್ಲ, ಕಾಗದದಲ್ಲಿ ಕೇಳಿ.

೨೦೨೦ರ ಸುಮಾರಿಗೆ ಬೆಳ್ಳಂದೂರು, ವರ್ತೂರು ಕೆರೆಗಳ ಹೂಳು ತೆಗೆಯುವ ಕೆಲಸ ಆರಂಭವಾಯಿತು. ಆ ತಾಯಿ ಸೊಪ್ಪು ಬಿಟ್ಟು ಸೇವಂತಿಗೆ ಹಾಕಿದ್ದಾರೆ. ಹೋದ ಮುಂಗಾರಿನಲ್ಲಿ ಅವರಿಗೆ ಎರಡು ಅಂಟುವಾಳದ ಸಸಿ ಒಯ್ದು ಕೊಟ್ಟೆ. ಕಾಯಿ ಬಿಡಲು ಎಂಟು ಹತ್ತು ವರ್ಷ ಬೇಕೆಂದಾಗ, "ಅಷ್ಟೊತ್ಗೆ ನಾನ್ ಇರ್ತೀನಾ ಸ್ವಾಮಿ?" ಎಂದರು, ಎಂದವರೇ ಬಾವಿಯ ಪಕ್ಕ ಗುಂಡಿ ತೋಡಿಸಿದರು. ನಿಮಗೂ ಬೇಕಾದರೆ ಮುಂಗಾರಿಗೆ ಮೊದಲೇ ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ವಿಚಾರಿಸಿ. ಎರಡಡಿ ಗುಂಡಿ ತೆಗೆದು ಕೊಟ್ಟಿಗೆ ಗೊಬ್ಬರ ಹಾಕಿ ನೆಡಿ. ಮೊದಲ ಎರಡು ಬೇಸಿಗೆ ನೀರು ಕೊಟ್ಟು, ಮೇಕೆ ಬಾಯಿ ಹಾಕದಂತೆ ಮುಳ್ಳು ಕಟ್ಟಿ.